ಕೋಟಿನ ಪಾಳಿ

ಬಿಡಾರದ ಜನ ಕೋಟು ಬಿಚ್ಚುತ್ತಿದ್ದರು.

ಒಬ್ಬಿಬ್ಬರಲ್ಲ. ದ್ರಾಕ್ಷಾಯಣಿಯ ಎದುರಿನ ಗೋಡೆಯಷ್ಟಗಲದ ಪರದೆಯಲ್ಲಿ ರಾಯಚೂರು ವಲಯದ ಸಾವಿರಾರು ಹಿಮದ ಬಯಲುಗಳು ಸಣ್ಣ ಸಣ್ಣ ಚೌಕಗಳಾಗಿ ಹೊಳೆಯುತ್ತಿದ್ದವು. ಪ್ರತಿ ಚೌಕದಲ್ಲೂ ಒಂದು ಗುಡಾರ, ಒಂದು ಬೆಂಕಿ, ಮೂರೋ ನಾಲ್ಕೋ ಜನ. ಹಿಮಗಾಳಿ ಬೀಸುತ್ತಿತ್ತು. ಅದರಲ್ಲಿ ಅವರು ತೆಳ್ಳನೆಯ ಒಳಅಂಗಿಯಲ್ಲಿ ಸುಮ್ಮನೆ ನಿಂತಿದ್ದರು, ಬಸ್ಸಿಗೆ ಕಾಯುವವರ ಹಾಗೆ. ಕೋಟುಗಳು ಕಾಲ ಬಳಿ ಹಿಮದಲ್ಲಿ ಬಿದ್ದಿದ್ದವು.

‘ಕೊನೆಯ ಬಿಡಾರ’ ಎಂಬ ಆ ಆಟದಲ್ಲಿ ಹೀಗಾಗಬಾರದಿತ್ತು. ಇಡೀ ಆಟ ನಿಂತಿದ್ದೇ ಕೋಟಿನ ಮೇಲೆ. ಲೋಕ ಹೆಪ್ಪುಗಟ್ಟಿದೆ, ಕೆಲವರು ಉಳಿದಿದ್ದಾರೆ. ಅವರು ಬೇಟೆಯಾಡಿ, ಉಣ್ಣೆ ನೂತು, ಕೋಟು ಹೊಲಿದುಕೊಂಡು ಮುಂದಿನ ಬೆಳಗಿನ ತನಕ ಬದುಕಿರಬೇಕು. ಆಟ ಕಟ್ಟಿದವರು ವರ್ಷದ ಅರ್ಧ ಹಿಮ ಬೀಳುವ ದೇಶದವರು. ತೋಳು ಇಷ್ಟು ಸವೆದರೆ ಮೊಳಕೈಗೆ ಎಷ್ಟು ಚಳಿ ತಾಗಬೇಕು, ನೆನೆದ ಉಣ್ಣೆ ಎಷ್ಟು ಭಾರ, ಎರಡು ಅಂಗಿಗಳ ನಡುವೆ ಸಿಕ್ಕಿಬಿದ್ದ ಗಾಳಿ ಎಷ್ಟು ಬೆಚ್ಚಗೆ, ಇದನ್ನೆಲ್ಲ ವರ್ಷಗಟ್ಟಲೆ ಕೂತು ಲೆಕ್ಕ ಹಾಕಿದ್ದರು. ಜೊತೆಗೆ ಒಂದು ಕೊರಳಪಟ್ಟಿ ಮಾಡಿದ್ದರು. ಅದನ್ನು ಕತ್ತಿಗೆ ಕಟ್ಟಿಕೊಂಡರೆ, ಬಿಡಾರದಲ್ಲಿರುವ ನಿಮ್ಮ ಮನುಷ್ಯನಿಗೆ ಆಗುವ ಚಳಿ ನಿಮಗೂ ಆಗುತ್ತದೆ. ಪಟ್ಟಿ ತಣ್ಣಗಿರುವುದಿಲ್ಲ. ಗಾಳಿ ಊದುವುದಿಲ್ಲ. ಮೆದುಳಿಗೆ ಹೋಗುವ ನರಗಳಿಗೆ ಒಂದು ಸುದ್ದಿ ಮುಟ್ಟಿಸುತ್ತದೆ, ಅಷ್ಟೇ: ಚಳಿ ಇದೆ. ಮೆದುಳು ನಂಬುತ್ತದೆ.

"ಆಟ ಕಟ್ಟಿದೋರು ಅಲ್ಲಿಂದ ಮತ್ತೆ ಕೇಳ್ತಿದ್ದಾರೆ ಕಣ್ರೀ, ಇದು ಯಾವ ದೋಷ ಅಂತ," ಎಂದ ಮುರಳೀಧರ. ಅವನು ಆಟದ ರಾಯಚೂರು ವಲಯವನ್ನು ಕಾಯುವ ಈ ಕೋಣೆಯ ಮೇಲ್ವಿಚಾರಕ, ಮಂಡ್ಯದ ಕಡೆಯವನು. ಯಂತ್ರಗಳಿಗಾಗಿ ಕೋಣೆಯನ್ನು ಎಷ್ಟು ತಣ್ಣಗಿಟ್ಟಿದ್ದರೆಂದರೆ ಅವನು ಏಪ್ರಿಲ್‌ನಲ್ಲೂ ಸ್ವೆಟರ್ ಹಾಕುತ್ತಿದ್ದ. ದ್ರಾಕ್ಷಾಯಣಿಯದೂ ಒಂದು ಸ್ವೆಟರ್ ಕುರ್ಚಿಯ ಬೆನ್ನಿಗೆ ಸದಾ ನೇತಾಡುತ್ತಿತ್ತು.

"ದೋಷ ಅಲ್ರೀ ಸರ್."

"ಮತ್ತೆ? ಚಳೀಲಿ ಸಾಯೋರು ಕೋಟು ಬಿಚ್ಚಿ ಎಸೀತಾರಾ?"

"ಹೊರಗ ಬಿಸಿಲು ಎಷ್ಟೈತಿ ನೋಡ್ರಿ."

ಕಿಟಕಿಗೆ ಕಪ್ಪು ಹಾಳೆ ಅಂಟಿಸಿತ್ತು. ಅವನು ಫೋನು ನೋಡಿದ. "ನಲವತ್ತೇಳು."

"ಇವರು ಬದುಕಾಕ ಆಡಕತ್ತಿಲ್ರೀ. ತಣ್ಣಗಾಗಾಕ ಆಡಕತ್ತಾರ."

ಮುರಳೀಧರ ಕೆಮ್ಮು ಬರುವಷ್ಟು ನಕ್ಕ. ಸುದ್ದಿಯನ್ನು ಹಿಮದ ದೇಶಕ್ಕೆ ಕಳಿಸಿದ, ಅವರೂ ನಕ್ಕರು. ವಾರದೊಳಗೆ ಊರ ತುಂಬ ಹೊಸ ಜಾಹೀರಾತು ಎದ್ದಿತು: ‘ಕೋಟು ಬಿಚ್ಚಿ, ತಂಪಾಗಿ.’ ಹಮಾಲರು, ಆಟೋದವರು, ಇಟ್ಟಿಗೆ ಗೂಡಿನವರು ಪಟ್ಟಿ ಕಟ್ಟಿಕೊಂಡು ಓಡಾಡತೊಡಗಿದರು. ಎಲ್ಲರೂ ಸುಖವಾಗಿದ್ದರು. ದ್ರಾಕ್ಷಾಯಣಿಗೆ ಮಾತ್ರ ಕುರ್ಚಿಯಲ್ಲಿ ಕೂರಲು ಆಗುತ್ತಿರಲಿಲ್ಲ. ಪರದೆಯ ಮುಂದೆ ಹೋಗುವಳು, ಬರುವಳು. ಹಿಮದಲ್ಲಿ ನಿಂತ ಆ ಬರಿಮೈ ಜನ ಎಲ್ಲೋ ತಪ್ಪಾಗಿ ಕಾಣುತ್ತಿದ್ದರು. ಎಲ್ಲಿ ಎಂದು ತಿಳಿಯುತ್ತಿರಲಿಲ್ಲ.

*

ಅವಳ ಅವ್ವ ಹಂಪಮ್ಮ ಸ್ಟೇಷನ್ ಹಿಂದಿನ ಓಣಿಯಲ್ಲಿ ಖಡಕ್ ರೊಟ್ಟಿ ಕೇಂದ್ರ ನಡೆಸುತ್ತಿದ್ದಳು. ತಗಡಿನ ಮಾಡು, ಎರಡು ಒಲೆ, ಗೋಡೆಯ ಮೇಲೊಂದು ಹಳೇ ಟಿವಿ. ಜೊತೆಗೆ ಪಕ್ಕದ ಮನೆಯ ರಜಿಯಾಬಿ, ಮತ್ತು ವಯಸ್ಸಿನಲ್ಲಿ ಚಿಕ್ಕವಳೂ ಬಾಯಲ್ಲಿ ದೊಡ್ಡವಳೂ ಆದ ದೇವಮ್ಮ. ಮೂವರೂ ಸೇರಿ ಒಂದು ಬಿಡಾರ ಹೂಡಿದ್ದರು. ಕೈಯೆಲ್ಲ ಹಿಟ್ಟಾದ್ದರಿಂದ ಬಾಯಲ್ಲೇ ಹುಕುಂ ಕೊಡುತ್ತಿದ್ದರು. ಟಿವಿಯಲ್ಲಿ ಹಿಮದೊಳಗಿನ ಮೂರು ಹೆಂಗಸರು ಅದನ್ನು ಕೇಳುತ್ತಿದ್ದರು.

ಅವತ್ತು ರಜೆಯ ಮಧ್ಯಾಹ್ನ. ದ್ರಾಕ್ಷಾಯಣಿ ಹೊಸ್ತಿಲ ಮೇಲೆ ಕೂತಿದ್ದಳು.

"ದ್ರಾಕ್ಷಿ, ಅಲ್ನೋಡು, ನಮ್ಮ ರಜಿಯಾಬಿ ಹಿಮದಾಗ ಹ್ಯಾಂಗ ನಿಂತಾಳ. ಗಂಡು ನೋಡಾಕ ಬರ್ತಾರಂತ ಕಾಯೋ ಹುಡುಗಿ ಹಂಗ," ಎಂದಳು ದೇವಮ್ಮ.

"ಹೌದು ಬಾ. ಐದು ಮಕ್ಕಳಾದ ಮ್ಯಾಲ ಇನ್ನೊಂದು ಗಂಡು ನೋಡ್ತೀನಿ," ರಜಿಯಾಬಿ ರೊಟ್ಟಿ ಬಡಿಯುತ್ತಲೇ ಅಂದಳು. "ಈ ಸಲ ಅಡಿಗಿ ಮಾಡೋ ಗಂಡು ಬೇಕು."

ಒಲೆಯ ಬೆಂಕಿ ರೊಟ್ಟಿ ಬಡಿಯುವವಳ ಮುಖಕ್ಕೆ ರಾಚುತ್ತಿತ್ತು. ಆದರೂ ರಜಿಯಾಬಿ ಭುಜ ಕುಗ್ಗಿಸಿ ಒಂದು ಸಲ ಸಣ್ಣಗೆ ನಡುಗಿದಳು. ಅದು ಸುಖದ ನಡುಕ.

"ಒಬ್ಬಾಕಿ ಮೈಮ್ಯಾಲ ಮಾತ್ರ ಕೋಟು ಯಾಕ ಇಟ್ಟೀರಿ?" ದ್ರಾಕ್ಷಾಯಣಿ ಕೇಳಿದಳು.

"ಎಲ್ಲಾರೂ ಬಿಚ್ಚಿದರ ಎಲ್ಲಾರೂ ಸಾಯ್ತಾರ, ಆಟ ಮತ್ತ ಮೊದಲಿನಿಂದ," ಎಂದಳು ಹಂಪಮ್ಮ. "ಒಬ್ಬಾಕಿ ಕೋಟು ಹಾಕ್ಕೊಂಡು ಬೆಂಕಿ ನೋಡಬೇಕು, ಉಳಿದಾರನ್ನ ಬದುಕಿಸಬೇಕು. ಅದಕ್ಕ ಪಾಳಿ. ಒಲಿ ಮುಂದ ಕುಂತಾಕಿಗೆ ಚಳಿ. ನೆಳ್ಳಾಗ ಕುಂತು ಹಿಟ್ಟು ನಾದಾಕಿಗೆ ಕೋಟು. ಕೋಟು ಮೈಮ್ಯಾಲ ಬಂತಂದ್ರ ಅಕಿ ಒಲಿ ಬಿಟ್ಟು ಏಳಬೇಕು. ಎಷ್ಟ ದೊಡ್ಡಾಕಿ ಇರಲಿ, ಪಾಳಿ ಅಂದ್ರ ಪಾಳಿ."

"ನಿಮ್ಮವ್ವ ಎರಡು ಪಾಳಿ ಚಳಿ ಕದ್ದು ತಿಂತಾಳ," ಎಂದಳು ದೇವಮ್ಮ. "ಮುದುಕಿಗೆ ಆಸಿ ಭಾಳ."

"ಮುದುಕಿ ನಿಮ್ಮವ್ವ."

ದ್ರಾಕ್ಷಾಯಣಿ ಅವ್ವನ ಮುಖ ನೋಡಿದಳು. ಮೊದಲಾದರೆ ಅವ್ವ ಹಣೆಗೊಂದು ಟವೆಲ್ ಬಿಗಿಯುತ್ತಿದ್ದಳು, ಬೆವರು ಹಿಟ್ಟಿಗೆ ಬೀಳದಿರಲಿ ಎಂದು. ಈಗ ಟವೆಲ್ ಇರಲಿಲ್ಲ. ಹಣೆ ಒಣಗಿ ಬಿಳುಚಿತ್ತು. ಅದರ ಮೇಲೆ ಹಾರಿದ ಹಿಟ್ಟು ಪುಡಿಪುಡಿಯಾಗಿ ಹಾಗೇ ಕೂತಿತ್ತು.

"ಬೆವರೇ ಇಲ್ಲ ನೋಡು," ಹಂಪಮ್ಮ ಹೆಮ್ಮೆಯಿಂದ ಅಂದಳು. "ಗಿರಾಕಿ ಹೊಗಳಿ ಹೋಗ್ತಾರ. ಹಿಟ್ಟಿನ್ಯಾಗ ಒಂದು ಹನಿ ಬೀಳಂಗಿಲ್ಲ."

ಅವ್ವನ ಕಣ್ಣಿನ ಮೇಲೆ ಬಿದ್ದ ಕೂದಲನ್ನು ಸರಿಸಲು ಹೋದ ದ್ರಾಕ್ಷಾಯಣಿ ಬೆರಳು ಹಿಂದಕ್ಕೆಳೆದುಕೊಂಡಳು.

"ಅವ್ವಾ, ಮೈ ಸುಡಾಕತ್ತೈತಲ್ಲ."

"ಒಲಿ ಮುಂದ ಕುಂತ ಮೈ ಸುಡದ ತಂಪಿರ್ತದೇನ, ಹುಚ್ಚಿ."

ಎಲ್ಲರೂ ನಕ್ಕರು. ದ್ರಾಕ್ಷಾಯಣಿಯೂ ನಕ್ಕಳು. ಬೆರಳ ತುದಿಯ ಬಿಸಿ ಮಾತ್ರ ಬಹಳ ಹೊತ್ತು ಆರಲಿಲ್ಲ.

ಕೆಲವು ದಿನ ಕಳೆದು ರಜಿಯಾಬಿಯ ಫೋನು ಬಂತು. ಒಲೆಯ ಮುಂದೆ ಕೂತ ದೇವಮ್ಮ "ಇವತ್ತ ಚಳಿ ಅಂದ್ರ ಚಳಿ" ಎಂದು ನಕ್ಕು, ಹಾಗೇ ಮಗ್ಗುಲಿಗೆ ವಾಲಿ ಬಿದ್ದಿದ್ದಳು. ದ್ರಾಕ್ಷಾಯಣಿ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಅವಳ ಕಂಕುಳಲ್ಲಿ, ತೊಡೆಸಂದಿಯಲ್ಲಿ ಐಸ್ ಗಡ್ಡೆ ಇಟ್ಟಿದ್ದರು. ಮೈ ಹೆಂಚಿನಂತೆ ಕಾದಿತ್ತು. ದೇವಮ್ಮ ಕಣ್ಣು ಮುಚ್ಚಿಕೊಂಡೇ ಹಲ್ಲು ಕಟಕಟಿಸುತ್ತ ಒಂದೇ ಮಾತು ಹೇಳುತ್ತಿದ್ದಳು.

"ಚಳಿ. ಕೋಟು ಕೊಡ್ರಿ. ನನ್ನ ಪಾಳಿ ಮುಗೀತು, ಕೋಟು ಕೊಡ್ರಿ."

ಡಾಕ್ಟರು ಅವಳ ಅಂಗೈ ತಿರುಗಿಸಿ ನೋಡಿದರು. "ಇಷ್ಟು ಜ್ವರ ಇಟ್ಕೊಂಡು ಒಂದು ಹನಿ ಬೆವರಿಲ್ಲ. ಇಂಥಾದ್ದು ಈ ಬ್ಯಾಸಿಗ್ಯಾಗ ಭಾಳ ನೋಡಕತ್ತೀನಿ, ಯಾಕಂತ ತಿಳಿವಲ್ದು."

ದ್ರಾಕ್ಷಾಯಣಿಗೆ ಆ ಕ್ಷಣಕ್ಕೆ ತಿಳಿಯಿತು. ದೇವಮ್ಮನ ಕೊರಳಿನಿಂದ ಪಟ್ಟಿ ಬಿಚ್ಚಿ ತನ್ನ ಚೀಲಕ್ಕೆ ಹಾಕಿಕೊಂಡಳು.

*

"ಮೈಯ ಬಿಸಿ ಕಾಯೋದು ಮೆದುಳು, ಸರ್," ಅವಳು ಮುರಳೀಧರನ ಮೇಜಿನ ಮುಂದೆ ನಿಂತೇ ಹೇಳಿದಳು. "ಪಟ್ಟಿ ಅದಕ್ಕ ಚಳಿ ಐತಿ ಅಂತ ಸುಳ್ಳು ಹೇಳ್ತದ. ಅದು ಬೆವರು ನಿಲ್ಲಿಸ್ತದ, ಚರ್ಮಕ್ಕ ಬರೋ ರಕ್ತ ಹಿಂದಕ್ಕ ಎಳ್ಕೊಂತದ. ಇದ್ದ ಬಿಸಿ ಹೊರಗ ಹೋಗಬಾರದಂತ ಎಲ್ಲಾ ಬಾಗಿಲಾ ಹಾಕ್ತದ. ಹಿಮದ ದೇಶದಾಗ ಬೆಚ್ಚನ್ನ ಮನ್ಯಾಗ ಸೋಫಾದ ಮ್ಯಾಲ ಕುಂತು ಆಡಿದ್ರ ಏನೂ ಆಗಂಗಿಲ್ಲ. ಇಲ್ಲಿ ಮಂದಿ ಒಲಿ ಮುಂದ ಕುಂತಾರ. ಒಳಗೊಳಗ ಬೇಯಕತ್ತಾರ, ಮ್ಯಾಲ ತಂಪನಿಸಕತ್ತೈತಿ."

ಮುರಳೀಧರ ಈ ಸಲ ನಗಲಿಲ್ಲ. ಪರದೆಯ ಕಡೆ ತಿರುಗಿದ. ಸಾವಿರಾರು ಚೌಕಗಳಲ್ಲಿ ಬರಿಮೈ ಜನ.

"ಯಾರು ಜಾಸ್ತಿ ಬಿಸೀಲಿ ದುಡೀತಾರೋ ಅವರೇ ಜಾಸ್ತಿ ಹೊತ್ತು ಕೋಟು ಬಿಚ್ಚಿರ್ತಾರೆ ಅಲ್ವಾ?"

"ನಮ್ಮವ್ವಾರು ಅದಕ್ಕ ಪಾಳಿ ಹಚ್ಚ್ಯಾರ್ರೀ. ಪ್ರೀತಿಲೇ. ಒಲಿ ಮುಂದಿನಾಕಿ ಪಾಪ, ಅಕಿಗೆ ಚಳಿ ಕೊಡೂಣು ಅಂತ."

"ಪಟ್ಟಿಗಳನ್ನೇ ಆರಿಸಿಬಿಡೋಣ ಅಂದ್ರೆ ಅದು ನಮ್ಮ ಕೈಲಿಲ್ಲ. ಅಲ್ಲಿಂದ ಆಗ್ಬೇಕು." ಅವನು ಫೋನು ಹಚ್ಚಿದ, ಕಾದ, ಮತ್ತೆ ಹಚ್ಚಿದ. ಕೊನೆಗೆ ಒಂದು ಉತ್ತರ ಬಂತು. ಅದನ್ನು ಓದಿ ಅವನ ಮುಖ ವಿಚಿತ್ರವಾಯಿತು. "ಅಲ್ಲಿ ಭಾರಿ ಹಿಮ ಬಿದ್ದಿದೆಯಂತೆ. ಕಚೇರಿಗೆ ರಜೆ."

ಈ ಕೋಣೆಯ ಕೈಯಲ್ಲಿದ್ದದ್ದು ಆಟದೊಳಗಿನ ಬಟ್ಟೆ ಮಾತ್ರ. ಇಬ್ಬರೂ ಕೂತು ಇಡೀ ವಲಯದ ಜನಕ್ಕೆಲ್ಲ ಒಂದೊಂದು ದಪ್ಪ ಕೋಟು ತೊಡಿಸಿದರು, ಗುಂಡಿ ಬಿಚ್ಚಲು ಬಾರದ ಕೋಟು. ಪರದೆಯ ಮೇಲೆ ಚೌಕಗಳು ಒಂದೊಂದಾಗಿ ಕಂದುಬಣ್ಣಕ್ಕೆ ತಿರುಗಿದವು. ಕೋಟು ಮೈಮೇಲಿದ್ದರೆ ಚಳಿಯ ಸುದ್ದಿ ಇಲ್ಲ. ಸುದ್ದಿ ಇಲ್ಲದಿದ್ದರೆ ಮೈ ಬೆವರುತ್ತದೆ. ದ್ರಾಕ್ಷಾಯಣಿ ಮೊದಲ ಸಲ ಕುರ್ಚಿಯಲ್ಲಿ ಸರಿಯಾಗಿ ಕೂತಳು.

ಸಂಜೆಯೊಳಗೆ ಆ ಕಂದುಬಣ್ಣದಲ್ಲಿ ತೂತುಗಳು ಬೀಳತೊಡಗಿದವು.

"ಇದೇನು ಮಾಡ್ತಿದ್ದಾರೆ ಇವರು?" ಮುರಳೀಧರ ಒಂದು ಚೌಕವನ್ನು ದೊಡ್ಡದು ಮಾಡಿದ. ಒಬ್ಬ ಮನುಷ್ಯ ತನ್ನ ಕೊಡಲಿಯಿಂದ ತನ್ನದೇ ಕೈಯನ್ನು ಸ್ವಲ್ಪ ಗೀರಿಕೊಂಡ. ಆಟದ ನಿಯಮದ ಪ್ರಕಾರ ಗಾಯಕ್ಕೆ ಯಾವ ಬಟ್ಟೆಯನ್ನಾದರೂ ಹರಿದು ಕಟ್ಟಬಹುದು. ಅವನ ಪಕ್ಕದವನು ಕೋಟಿನ ತೋಳು ಹರಿದ. ಆಮೇಲೆ ಇನ್ನೊಂದು ಗೀರು, ಇನ್ನೊಂದು ತೋಳು. ಊರಿಗೆ ಊರೇ ತನ್ನ ಜನರ ಕೈಕಾಲು ಗೀರಿ, ಕಂಪನಿಯ ಕೋಟನ್ನು ಚಿಂದಿ ಮಾಡಿ ಕಟ್ಟುತ್ತಿತ್ತು.

"ಶಾಣ್ಯಾರಲ್ರೀ ನಮ್ಮ ಮಂದಿ," ಎಂದಳು ದ್ರಾಕ್ಷಾಯಣಿ.

*

ಮರುದಿನ ಮಧ್ಯಾಹ್ನ ಅವಳು ರಜೆ ಹಾಕಿ ಕೇಂದ್ರಕ್ಕೆ ಬಂದಾಗ ಅವ್ವ ಎರಡು ಒಲೆಗಳ ನಡುವೆ ಕೂತಿದ್ದಳು. ಮದುವೆ ಮನೆಯ ಆರ್ಡರು. ಆಸ್ಪತ್ರೆಯಲ್ಲಿ ದೇವಮ್ಮ ಬದುಕಿದ್ದಳು, ಆದರೆ ನಾಲಿಗೆ ಇನ್ನೂ ತೊದಲುತ್ತಿತ್ತು. ಉಳಿದ ಒಂದೇ ಕೋಟು ರಜಿಯಾಬಿಯ ಪಾಲಿಗೆ. ಅವಳು ಮೂಲೆಯಲ್ಲಿ ಬೆವರು ಸುರಿಸುತ್ತ ಹಿಟ್ಟು ನಾದುತ್ತಿದ್ದಳು.

"ಅವ್ವಾ, ಪಟ್ಟಿ ಬಿಚ್ಚು."

"ಬೆಳಿಗ್ಗಿಂದ ಫೋನಿನ್ಯಾಗ ಇದ ಹಾಡು ಹಾಡಿದಿ. ಕೇಳೀನಿ, ಇಡು."

"ದೇವಮ್ಮನ್ನ ನೋಡೀದಿಲ್ಲೋ?"

"ನೋಡೀನಿ. ಅಕಿ ಮುಂಜಾನಿ ಏನೂ ತಿಂದಿದ್ದಿಲ್ಲ, ಅದಕ್ಕ ಬಿದ್ದಳು." ರೊಟ್ಟಿ ಬಡಿಯುವ ಕೈ ನಿಲ್ಲಲಿಲ್ಲ. ಆದರೆ ಬಡಿತದ ತಾಳ ತಪ್ಪಿತ್ತು. ರೊಟ್ಟಿಯ ಅಂಚು ಹರಿದಿತ್ತು. ಹಂಪಮ್ಮನ ಕೈಯಲ್ಲಿ ಅಂಚು ಹರಿದ ರೊಟ್ಟಿಯನ್ನು ದ್ರಾಕ್ಷಾಯಣಿ ಎಂದೂ ನೋಡಿರಲಿಲ್ಲ.

ಅವಳು ಮುಂದೆ ಬಾಗಿ ಪಟ್ಟಿಗೆ ಕೈ ಹಾಕಿದಳು. ಹಂಪಮ್ಮ ಹಿಟ್ಟಿನ ಕೈಯಿಂದ ಅವಳ ಮಣಿಕಟ್ಟಿಗೆ ಬಾರಿಸಿದಳು.

"ಸ್ವೆಟರ್ ಹಾಕ್ಕೊಂಡು ಕೆಲಸಕ್ಕ ಹೋಗಾಕಿ ನೀ. ಇದನ್ನ ಬಿಚ್ಚಿದರ ಈ ಒಲಿ ಮುಂದ ಕುಂದ್ರಾಕ ಆಗಂಗಿಲ್ಲ ನನಗ. ಮೂವತ್ತು ವರ್ಷ ಕುಂತೀನಿ, ಈಗೊಂದು ತಿಂಗಳು ಸುಖಲೇ ಕುಂತೀನಿ. ಅದನ್ನೂ ಕಸಗೊಂತೀಯೇನು?"

ದ್ರಾಕ್ಷಾಯಣಿ ಹೊಸ್ತಿಲ ಮೇಲೆ ಕೂತಳು. ಅವ್ವನ ತುಟಿ ಒಣಗಿ ಬಿರಿದಿತ್ತು. ಕಣ್ಣು ಎಲ್ಲೂ ನಿಲ್ಲುತ್ತಿರಲಿಲ್ಲ. ಬಲವಂತದಿಂದ ಕಿತ್ತರೆ ನಾಳೆ ತಾನು ಕೆಲಸಕ್ಕೆ ಹೋದ ಮೇಲೆ ಮತ್ತೆ ಕಟ್ಟಿಕೊಳ್ಳುತ್ತಾಳೆ. ಆದರೆ ನಾಳೆಯ ತನಕ ಅವ್ವ ಇರುವುದೇ ಅನುಮಾನವಿತ್ತು.

ಚೀಲದಲ್ಲಿ ದೇವಮ್ಮನ ಪಟ್ಟಿ ಇತ್ತು. ಅವಳು ಅದನ್ನು ಕೊರಳಿಗೆ ಕಟ್ಟಿಕೊಂಡು, ದೇವಮ್ಮನ ಹೆಸರು ಹೇಳಿ ಅವಳ ಜಾಗದಲ್ಲಿ ಆಟದೊಳಗೆ ಹೊಕ್ಕಳು.

ಹಿಮ ಬಂತು. ಕತ್ತಿನಿಂದ ಇಳಿದು ಬೆನ್ನಿಗೆ, ತೋಳಿಗೆ, ಬೆರಳ ತುದಿಗೆ. ತಗಡಿನ ಕೆಳಗೆ ಕಾದು ಕುದಿಯುತ್ತಿದ್ದ ಗಾಳಿ ಇದ್ದಕ್ಕಿದ್ದಂತೆ ಎಲ್ಲೋ ದೂರ ಹೋಯಿತು. ಮೈಮೇಲಿನ ಬೆವರು ಆರಿತು. ಇದು ಸುಳ್ಳೆಂದು ಅವಳಿಗೆ ಗೊತ್ತಿತ್ತು, ಈ ಸುಳ್ಳು ಹೇಗೆ ಕೆಲಸ ಮಾಡುತ್ತದೆಂದೂ ಗೊತ್ತಿತ್ತು. ಮೈ ಮಾತ್ರ ಒಂದನ್ನೂ ಕೇಳಲಿಲ್ಲ. ಎಷ್ಟು ಹಿತ! ಅವಳು ಕಣ್ಣು ಮುಚ್ಚಿದಳು. ಬಿಚ್ಚಬೇಕು ಅನ್ನಿಸಲಿಲ್ಲ. ಅವ್ವ ಯಾಕೆ ಬಿಚ್ಚುವುದಿಲ್ಲ ಎಂದು ಆಗ ಅರ್ಥವಾಯಿತು, ಅರ್ಥವಾದದ್ದಕ್ಕೇ ಭಯವಾಯಿತು.

ಕಣ್ಣು ತೆರೆದಳು. ಟಿವಿಯಲ್ಲಿ ಗುಡಾರದ ಸುತ್ತ ಹರಿದ ಕೋಟುಗಳ ಚಿಂದಿ ಬಿದ್ದಿತ್ತು. ತಾನೂ ಮುರಳೀಧರನೂ ನಿನ್ನೆ ತೊಡಿಸಿದ ಕೋಟುಗಳು.

"ದೇವಮ್ಮ, ಆ ಚಿಂದಿ ಆರಿಸು," ಎಂದಳು. "ಸೂಜಿ ತಗೋ. ತುಂಡಿಗೆ ತುಂಡು ಜೋಡಿಸು."

ಹಿಮದಲ್ಲಿ ದೇವಮ್ಮನ ಆಕೃತಿ ಮಂಡಿಯೂರಿ ಹೊಲಿಯತೊಡಗಿತು. ಕಂದು ತುಂಡು, ರಕ್ತದ ಕಲೆಯ ತುಂಡು, ಉಣ್ಣೆ ಕಿತ್ತುಹೋದ ತುಂಡು. ಅಂಚಿನಿಂದ ನಡುವಿಗೆ, ಸುತ್ತಿ ಸುತ್ತಿ.

ರಜಿಯಾಬಿ ನಾದುವುದು ನಿಲ್ಲಿಸಿ ನೋಡಿದಳು. "ಅಲ್ಲಾ! ಕೌದಿ ಹೊಲೀತಾಳ ಹುಡುಗಿ."

"ಕೌದಿ?" ಹಂಪಮ್ಮ ತಲೆ ಎತ್ತಿದಳು. ಟಿವಿಯ ಮೇಲೆ ದೃಷ್ಟಿ ನಿಲ್ಲಿಸಲು ಅವಳು ಕಷ್ಟಪಟ್ಟಳು. "ನಮ್ಮವ್ವ ಹೊಲಿಯೋ ಕೌದಿ ಹಂಗ. ಹಳೇ ಸೀರಿದು." ಆಮೇಲೆ ಹುಬ್ಬು ಗಂಟಿಕ್ಕಿದಳು. "ಮೂಲ್ಯಾಗ ತುತ್ತು ಇಡಬೇಕು ದ್ರಾಕ್ಷಿ. ತುತ್ತು ಇಡದ ಮುಚ್ಚಬಾರದು, ಕೌದಿಗೆ ಹಸಿವಾಗ್ತದ."

ಬಿಡಾರದಲ್ಲಿ ರೊಟ್ಟಿ ಇರಲಿಲ್ಲ. ಒಣಗಿಸಿದ ಮೀನಿನ ಒಂದು ಚೂರಿತ್ತು. ದ್ರಾಕ್ಷಾಯಣಿ ಅದನ್ನೇ ಮೂಲೆಯಲ್ಲಿ ಇಡಿಸಿ ಹೊಲಿಗೆ ಮುಗಿಸಿದಳು.

"ಈಗ ಹಂಪಮ್ಮಗ ಹೊದಿಸು."

ಆಕೃತಿ ಎದ್ದು, ಹಿಮದಲ್ಲಿ ನಿಂತ ಹಂಪಮ್ಮನ ಹೆಗಲ ಮೇಲೆ ಕೌದಿ ಹಾಕಿತು. ಒಲೆಯ ಮುಂದಿನ ಹಂಪಮ್ಮ ಮುಖ ಸಿಂಡರಿಸಿದಳು.

"ಏ, ತೆಗಿ! ನನ್ನ ಪಾಳಿ ಮುಗಿದಿಲ್ಲ."

"ಮೈಮ್ಯಾಲ ಕೋಟು ಬಂತು, ಹಂಪಮ್ಮಕ್ಕಾ," ಎಂದಳು ರಜಿಯಾಬಿ. ಅವಳು ಎದ್ದು ನಿಂತಿದ್ದಳು. "ಏಳು."

"ಇದು ಕೋಟಲ್ಲ."

"ಕೌದಿ. ಹೊದ್ದೀದಿ. ಪಾಳಿ ಅಂದ್ರ ಪಾಳಿ, ನೀನ ಹಚ್ಚಿದ್ದು. ಬೇಕಂದ್ರ ಹರಿ ನೋಡೂಣು, ಮಗಳು ಹೊಲಿದ ಕೌದಿ."

ಹಂಪಮ್ಮ ಬಾಯಿ ತೆರೆದಳು. ‘ಹರಿ’ ಎಂಬ ಒಂದು ಮಾತು ಸಾಕಿತ್ತು. ನಿನ್ನೆ ಕಂಪನಿಯ ಕೋಟಿಗೆ ಅದನ್ನು ಎಷ್ಟು ಸಲೀಸಾಗಿ ಹೇಳಿದ್ದಳು. ಈಗ ಮಾತು ಹೊರಡಲಿಲ್ಲ. ಟಿವಿಯನ್ನೇ ನೋಡಿದಳು. ಕೌದಿ ಹೊದಿಸಿದ ಆಕೃತಿ ಬರಿಮೈಯಲ್ಲಿ ನಿಂತಿತ್ತು, ಬೆರಳು ನೀಲಿಗಟ್ಟುತ್ತಿದ್ದವು.

"ನೀ ಯಾಕ ಬರಿಮೈಲೆ ನಿಂತಿ?"

"ಒಲಿ ಮುಂದ ಕುಂತಾಕಿಗೆ ಚಳಿ ಅಲ್ಲೇನವಾ? ಮುಂದಿನ ಪಾಳಿ ನಂದು. ಅತ್ತ ಸರಿ."

ಹಂಪಮ್ಮ ಎದ್ದಳು. ಎದ್ದವಳು ತೂರಾಡಿದಳು, ರಜಿಯಾಬಿ ತೋಳು ಹಿಡಿದು ನೆರಳಿಗೆ ಎಳೆದು ಗೋಡೆಗೆ ಒರಗಿಸಿದಳು, ತಲೆಗೆ ಕೊಡದ ನೀರು ಸುರಿದಳು, ತಟ್ಟೆಯಿಂದ ಗಾಳಿ ಹಾಕಿದಳು. ದ್ರಾಕ್ಷಾಯಣಿ ಆಂಬುಲೆನ್ಸಿಗೆ ಫೋನು ಮಾಡಿ, ಅವ್ವನ ಮುಂದೆ ಕುಕ್ಕರಗಾಲಲ್ಲಿ ಕೂತು ಹಣೆಯನ್ನೇ ನೋಡತೊಡಗಿದಳು. ತಲೆಯಿಂದ ಇಳಿದ ನೀರನ್ನು ಸೆರಗಿನಿಂದ ಒರೆಸಿದಳು. ಹಣೆ ಒಣಗಿತ್ತು. ಮತ್ತೆ ನೋಡಿದಳು. ಒಣಗಿತ್ತು. ಆಟದಲ್ಲಿ ಹೊಲಿದ ಚಿಂದಿಯನ್ನು ಈ ಮೈ ನಂಬುತ್ತದೋ ಇಲ್ಲವೋ.

ಆಮೇಲೆ ಹುಬ್ಬಿನ ಮೇಲೆ, ಹಿಟ್ಟಿನ ಪುಡಿಯ ನಡುವೆ, ಸಾಸಿವೆಯಷ್ಟು ಒಂದು ಹನಿ ಹುಟ್ಟಿತು. ಅದರ ಪಕ್ಕ ಇನ್ನೊಂದು. ಅವು ಸೇರಿ ಮೂಗಿನ ಗುಂಟ ಇಳಿದವು. ನೋಡುತ್ತಿದ್ದಂತೆ ಹಂಪಮ್ಮನ ಕುತ್ತಿಗೆ, ಎದೆ, ರವಿಕೆಯ ತೋಳು ಎಲ್ಲ ತೊಯ್ದವು.

"ಸೆಕಿ," ಎಂದು ನರಳಿದಳು ಹಂಪಮ್ಮ. "ಯವ್ವಾ, ಏನ ಸೆಕಿ ಇದು. ಎಂಥಾ ಮಗಳನ್ನ ಹಡದೆ ನಾ, ಸುಡತಾಳ ನನ್ನ."

"ಬೈ, ಬೈ," ಎಂದಳು ದ್ರಾಕ್ಷಾಯಣಿ. "ಇನ್ನಷ್ಟು ಬೈ."

ಆಂಬುಲೆನ್ಸಿನವರು ಬಂದು ನೋಡಿ, ತಡವಾಗಿಲ್ಲ ಎಂದರು. ಹತ್ತುವ ಮೊದಲು ಹಂಪಮ್ಮ ಕತ್ತು ಹೊರಳಿಸಿ ಒಲೆಗಳ ಕಡೆ ಕೈ ತೋರಿಸಿದಳು. ರಜಿಯಾಬಿ ಅವಳ ಜೊತೆ ಹತ್ತುತ್ತ ಹೇಳಿದಳು: "ಮದಿವಿ ಮಂದಿ ರೊಟ್ಟಿ ಕೇಳಾಕ ಬರ್ತಾರ ಬೇಟಿ. ನಾ ಇಕಿನ್ನ ಮಲಗಿಸಿ ಬರ್ತೀನಿ, ಅಲ್ಲಿ ತನಕ ಒಲಿ ಬಿಡಬ್ಯಾಡ."

ದ್ರಾಕ್ಷಾಯಣಿ ಕೊರಳಪಟ್ಟಿ ಬಿಚ್ಚಿ ಗೂಟಕ್ಕೆ ಹಾಕಿದಳು. ಬಿಸಿಲು ಏಟಿನ ಹಾಗೆ ಮರಳಿ ಬಂತು. ಅವಳು ಒಲೆಯ ಮುಂದೆ ಕೂತಳು.

ಫೋನು ಬಡಿದುಕೊಂಡಿತು. ಮುರಳೀಧರ.

"ನಿಮ್ಮ ಓಣೀಲಿ ಒಂದು ಚೌಕ ಕಾಣ್ತಿದೆ. ಒಬ್ಬರ ಮೈಮೇಲೆ ತೇಪೆ ತೇಪೆ ಏನೋ ಇದೆ, ಅದನ್ನ ಯಾರೂ ಹರೀತಿಲ್ಲ. ಏನದು? ಅದನ್ನೇ ಎಲ್ಲ ಬಿಡಾರಕ್ಕೂ ಕಳಿಸಲಾ?"

"ನಾವು ಕಳಿಸಿದರ ಹರೀತಾರ್ರೀ ಸರ್. ಅವರವರ ಮನ್ಯಾಗಿನವರು ಹೊಲೀಬೇಕು."

"ಅಷ್ಟು ಮನೆಗಳಿಗೆ ಯಾರು ಹೋಗಿ ಹೇಳೋದು?"

ಹೊರಗೆ ಓಣಿಯಲ್ಲಿ ಸೈಕಲ್ ತುಂಬ ಮೂಟೆ ಹೇರಿಕೊಂಡವನೊಬ್ಬ ಬಿಸಿಲಲ್ಲಿ ಹೋಗುತ್ತಿದ್ದ. ಕೊರಳಲ್ಲಿ ಪಟ್ಟಿ. ಭುಜ ಕುಗ್ಗಿಸಿ ಸಣ್ಣಗೆ ನಡುಗುತ್ತಿದ್ದ. ಹಣೆ ಒಣಗಿತ್ತು.

"ಏ ಅಣ್ಣಾ!" ದ್ರಾಕ್ಷಾಯಣಿ ಕೂಗಿದಳು. "ನಿಲ್ಲು! ನಿಮ್ಮನ್ಯಾಗ ಕೌದಿ ಹೊಲಿಯೋರು ಯಾರದಾರ?"

ಅವನು ಕಾಲು ಊರಿ ತಿರುಗಿ ನೋಡಿದ. ಹೆಂಚಿನ ಮೇಲೆ ರೊಟ್ಟಿ ಸೀಯುವ ವಾಸನೆ ಬಂತು. ಅವಳು ಬಾಗಿ ಅದನ್ನು ತಿರುವಿ ಹಾಕುವಾಗ ಹಣೆಯ ಹನಿಯೊಂದು ಕಾದ ಹೆಂಚಿಗೆ ಬಿದ್ದು ಚುಂಯ್ ಎಂದಿತು.